ಸೋಲುತ್ತಿರುವ ತಂಡ ಈಗಲೇ ದುಡ್ಡು ಸುರಿಯಬೇಕೆ? ಶಿಕಾಗೊದ ಎರಡು ಬೇಸ್‌ಬಾಲ್ ತಂಡಗಳ ಲೆಕ್ಕ

2024ರಲ್ಲಿ ಶಿಕಾಗೊ ವೈಟ್ ಸಾಕ್ಸ್ ತಂಡ ಆಡಿದ 162 ಪಂದ್ಯಗಳಲ್ಲಿ 121 ಸೋತಿತು. 1901ರಿಂದೀಚೆಗೆ ಅಮೆರಿಕದ ಅತಿ ದೊಡ್ಡ ಬೇಸ್‌ಬಾಲ್ ಲೀಗಾದ ಮೇಜರ್ ಲೀಗ್‌ನ ಯಾವ ತಂಡವೂ ಒಂದೇ ಋತುವಿನಲ್ಲಿ ಅಷ್ಟು ಸೋತಿರಲಿಲ್ಲ. ಮರುವರ್ಷ ಮತ್ತೆ 102 ಸೋಲು. ಅದೇ ತಂಡ 2025ರ ಡಿಸೆಂಬರ್‌ನಲ್ಲಿ ಜಪಾನಿನ ಬ್ಯಾಟರ್ ಮುನೆತಾಕ ಮುರಕಾಮಿಯನ್ನು ಎರಡು ವರ್ಷಕ್ಕೆ 3.4 ಕೋಟಿ ಡಾಲರ್ ಕೊಟ್ಟು ಕರೆತಂದಿತು. ಇನ್ನೂ ತಳಪಾಯ ಏಳದ ಮನೆಗೆ ಈಗಲೇ ತೇಗದ ಬಾಗಿಲು ಯಾಕೆ ಎನ್ನುವವರಿದ್ದಾರೆ. ಇಷ್ಟೇನಾ, ಇನ್ನೂ ನಾಲ್ಕು ಜನರನ್ನು ತರಬಾರದಿತ್ತೆ ಎನ್ನುವವರೂ ಇದ್ದಾರೆ.

ಶಿಕಾಗೊ ಸುತ್ತಮುತ್ತ ನೆಲೆಸಿದ ಕನ್ನಡಿಗರ ಮನೆಗಳಲ್ಲಿ ಅಲ್ಲೇ ಹುಟ್ಟಿ ಬೆಳೆದ ಮಕ್ಕಳು ಈ ಮಾತೆತ್ತಿದರೆ ಅಪ್ಪ ಅಮ್ಮನಿಗೆ ತಟ್ಟನೆ ನೆನಪಾಗುವುದು ಐಪಿಎಲ್ ಹರಾಜು. ಆದರೆ ಐಪಿಎಲ್ ಕಣ್ಣಿನಿಂದ ನೋಡಿದರೆ ಈ ಲೆಕ್ಕ ತಪ್ಪುತ್ತದೆ. ಅಲ್ಲಿ ಎಲ್ಲ ತಂಡಗಳ ಕಿಸೆಯಲ್ಲೂ ಒಂದೇ ಮೊತ್ತ (2025ರ ಮಹಾ ಹರಾಜಿಗೆ ತಲಾ 120 ಕೋಟಿ ರೂಪಾಯಿ), ಮತ್ತು ಮೂರು ವರ್ಷಕ್ಕೊಮ್ಮೆ ಹೆಚ್ಚುಕಡಿಮೆ ಎಲ್ಲ ತಂಡಗಳೂ ಹೊಸದಾಗಿ ಶುರು ಮಾಡುತ್ತವೆ. ಬೇಸ್‌ಬಾಲ್‌ನಲ್ಲಿ ಖರ್ಚಿಗೆ ಕಡ್ಡಾಯ ಮಿತಿ ಇಲ್ಲ. ಒಂದು ಗೆರೆ ದಾಟಿದರೆ ತೆರಿಗೆ ಬೀಳುತ್ತದೆ, ಅಷ್ಟೆ. 2025ರಲ್ಲಿ ಆ ಗೆರೆ 24.1 ಕೋಟಿ ಡಾಲರ್ ಇತ್ತು. ಹರಾಜೂ ಇಲ್ಲ. ಆಟಗಾರನ ಏಜೆಂಟ್ ಒಂದೊಂದೇ ತಂಡದ ಜೊತೆ ಮಾತಾಡಿ, ಬೆಲೆ, ವರ್ಷ, ಊರು ಎಲ್ಲ ನೋಡಿ ಕುದುರಿಸುತ್ತಾನೆ. ಹೆಣ್ಣು ಗಂಡು ನೋಡಿ ಸಂಬಂಧ ಕುದುರಿಸುವುದಕ್ಕೆ ಅದು ಹೆಚ್ಚು ಹತ್ತಿರ.

ಫ್ರೀ ಏಜೆಂಟ್ ಅಂದರೆ ಯಾರು?

ಅಮೆರಿಕದ ಹುಡುಗನೊಬ್ಬ ಹೈಸ್ಕೂಲು ಅಥವಾ ಕಾಲೇಜಿನಿಂದ ಡ್ರಾಫ್ಟ್ ಎಂಬ ಆಯ್ಕೆಯ ಮೂಲಕ ಒಂದು ತಂಡ ಸೇರುತ್ತಾನೆ. ತಂಡ ಅವನನ್ನು ಆರಿಸುತ್ತದೆ, ಅವನು ತಂಡವನ್ನು ಆರಿಸುವಂತಿಲ್ಲ. ಮೈನರ್ ಲೀಗ್ ಎಂಬ ಕೆಳಹಂತದಲ್ಲಿ ಕೆಲವು ವರ್ಷ ಪಳಗಿ, ಮೇಜರ್ ಲೀಗ್‌ಗೆ ಬಂದ ಮೇಲೆ ಸೇವೆಯ ಗಡಿಯಾರ ಓಡಲು ಶುರುವಾಗುತ್ತದೆ. ಮೊದಲ ಮೂರು ವರ್ಷ ಹೆಚ್ಚುಕಡಿಮೆ ಕನಿಷ್ಠ ಸಂಬಳ. 2025ರಲ್ಲಿ ಅದು 7.6 ಲಕ್ಷ ಡಾಲರ್. ನಮಗೆ ಅದೇ ದೊಡ್ಡದಾಗಿ ಕಂಡರೂ ಆ ಲೀಗ್‌ನ ಲೆಕ್ಕದಲ್ಲಿ ಚಿಲ್ಲರೆ ಕಾಸು. ಮುಂದಿನ ಮೂರು ವರ್ಷ ಸಂಬಳದಲ್ಲಿ ಒಮ್ಮತ ಬರದಿದ್ದರೆ ಮಧ್ಯಸ್ಥಗಾರರು ತೀರ್ಮಾನಿಸುತ್ತಾರೆ. ಆರು ವರ್ಷ ತುಂಬಿದ ಮೇಲೆ, ಕೈಯಲ್ಲಿರುವ ಒಪ್ಪಂದವೂ ಮುಗಿದಿದ್ದರೆ, ಅವನು ಸ್ವತಂತ್ರ. 30 ತಂಡಗಳಲ್ಲಿ ಯಾರ ಜೊತೆಗಾದರೂ ಹೋಗಬಹುದು. ಅವನೇ ಫ್ರೀ ಏಜೆಂಟ್.

ಈ ಸ್ವಾತಂತ್ರ್ಯ ಸುಮ್ಮನೆ ಬಂದದ್ದಲ್ಲ. 1970ರ ದಶಕದ ನಡುವಿನವರೆಗೂ ಆಟಗಾರ ಒಮ್ಮೆ ಸಹಿ ಹಾಕಿದರೆ ಮುಗಿಯಿತು, ತಂಡ ಬಿಡುವವರೆಗೂ ಅದರ ಆಳು. 1969ರಲ್ಲಿ ತನ್ನನ್ನು ಸೇಂಟ್ ಲೂಯಿಸ್‌ನಿಂದ ಫಿಲಡೆಲ್ಫಿಯಾಕ್ಕೆ ಸಾಗಹಾಕಿದ್ದನ್ನು ಒಪ್ಪದ ಕರ್ಟ್ ಫ್ಲಡ್ ಸುಪ್ರೀಂ ಕೋರ್ಟ್‌ವರೆಗೆ ಹೋಗಿ 1972ರಲ್ಲಿ ಸೋತ. 1975ರ ಡಿಸೆಂಬರ್‌ನಲ್ಲಿ ಮಧ್ಯಸ್ಥಗಾರ ಪೀಟರ್ ಸೈಟ್ಜ್, ಆಂಡಿ ಮೆಸ್ಸರ್‌ಸ್ಮಿತ್ ಮತ್ತು ಡೇವ್ ಮೆಕ್‌ನಾಲಿ ಎಂಬ ಇಬ್ಬರು ಪಿಚರ್‌ಗಳ (ಬ್ಯಾಟರ್‌ಗೆ ಚೆಂಡೆಸೆಯುವವರು) ಪರ ತೀರ್ಪು ಕೊಟ್ಟ ಮೇಲೆ ಬಾಗಿಲು ತೆರೆಯಿತು.

ಗಡಿಯಾರದ ವಿಷಯದಲ್ಲಿ ತಂಡಗಳು ಎಷ್ಟು ಜಿಪುಣವೆಂದರೆ, 2015ರಲ್ಲಿ ಶಿಕಾಗೊದ ಇನ್ನೊಂದು ತಂಡ ಕಬ್ಸ್ ತನ್ನ ಅತ್ಯುತ್ತಮ ಎಳೆಯ ಆಟಗಾರ ಕ್ರಿಸ್ ಬ್ರಯಂಟ್‌ನನ್ನು ಏಪ್ರಿಲ್ 17ರವರೆಗೆ ಮೈನರ್ ಲೀಗ್‌ನಲ್ಲೇ ಇಟ್ಟಿತು. ಒಂದು ವರ್ಷದ ಸೇವೆ ಅಂದರೆ 172 ದಿನ. ಅವನ ಖಾತೆಗೆ ಬಿದ್ದದ್ದು 171. ಒಂದು ದಿನ ಕಡಿಮೆಯಾದ್ದರಿಂದ ಅವನು ಒಂದು ವರ್ಷ ಹೆಚ್ಚು ಅವರ ಕೈಯಲ್ಲೇ ಉಳಿದ. ದೂರು ಕೊಟ್ಟರೂ 2020ರಲ್ಲಿ ತೀರ್ಪು ತಂಡದ ಪರವೇ ಬಂತು.

ಫ್ರೀ ಏಜೆಂಟ್‌ಗಳು ಸಾಮಾನ್ಯವಾಗಿ ಮೂವತ್ತರ ಆಸುಪಾಸಿನವರಾಗಿರುವುದೂ ಈ ಆರು ವರ್ಷದ ಕಾರಣಕ್ಕೇ. ಮನುಷ್ಯರನ್ನು ಹಸುವಿಗೆ ಹೋಲಿಸಿದ್ದಕ್ಕೆ ಕ್ಷಮೆಯಿರಲಿ, ಆದರೆ ಸಂತೆಗೆ ಹೋದವರಿಗೆ ಬೇಗ ಅರ್ಥವಾಗುತ್ತದೆ: ಒಳ್ಳೆಯ ಸೂಲುಗಳ ಹಾಲು ಹಳೆಯ ಮನೆಯವರು ಕರೆದುಕೊಂಡಾಗಿದೆ, ನೀವು ಆ ಹಾಲಿನ ಲೆಕ್ಕದಲ್ಲೇ ಬೆಲೆ ಕೊಟ್ಟು ಮುಂದಿನ ಸೂಲುಗಳನ್ನು ಕೊಳ್ಳುತ್ತಿದ್ದೀರಿ.

ಒಬ್ಬ ಸ್ಟಾರ್ ಯಾಕೆ ಸಾಲದು?

ಕ್ರಿಕೆಟ್ ನೋಡಿ ಬೆಳೆದವರು ಇಲ್ಲೇ ಎಡವುವುದು. ಕ್ರಿಕೆಟ್‌ನಲ್ಲಿ ಒಬ್ಬ ಬ್ಯಾಟರ್ ಔಟಾಗದೆ ನಿಂತರೆ ಪಂದ್ಯವನ್ನೇ ಹೊತ್ತು ದಡ ಸೇರಿಸಬಹುದು. ಬೇಸ್‌ಬಾಲ್‌ನಲ್ಲಿ ಒಂಬತ್ತು ಜನ ಸರದಿಯಲ್ಲಿ ಬ್ಯಾಟ್ ಹಿಡಿಯಬೇಕು. ಸ್ಟಾರ್‌ಗೂ ಒಂದು ಪಂದ್ಯದಲ್ಲಿ ನಾಲ್ಕೈದು ಸರದಿ ಸಿಕ್ಕರೆ ಹೆಚ್ಚು. ಹೊಡೆದು ಓಡಿ ಬಂದನೋ, ಮತ್ತೆ ಎಂಟು ಜನ ಮುಗಿಯುವವರೆಗೆ ಬೆಂಚು ಕಾಯಬೇಕು. ಆರಂಭಿಕ ಪಿಚರ್ ಸಾಮಾನ್ಯವಾಗಿ ಐದು ಪಂದ್ಯಕ್ಕೊಮ್ಮೆ ಇಳಿಯುತ್ತಾನೆ, ಅಂದರೆ 162ರಲ್ಲಿ ಸುಮಾರು 32. ಉಳಿದ 130 ದಿನ ಅವನು ದುಬಾರಿ ಪ್ರೇಕ್ಷಕ.

ಹಾಗಾಗಿ ಆಟದ ಅಂಕಿಸಂಖ್ಯೆ ನೋಡುವವರು ಒಬ್ಬ ಆಟಗಾರನ ಬೆಲೆಯನ್ನು ಗೆಲುವಿನಲ್ಲಿ ಅಳೆಯುತ್ತಾರೆ: ಅವನ ಜಾಗದಲ್ಲಿ ಕಡಿಮೆ ಬೆಲೆಗೆ ಸಿಗುವ ಸಾಧಾರಣ ಆಟಗಾರನಿದ್ದರೆ ತಂಡ ಎಷ್ಟು ಗೆಲುವು ಕಳೆದುಕೊಳ್ಳುತ್ತಿತ್ತು? ದೊಡ್ಡ ಸ್ಟಾರ್ ಆದರೆ ಆರೇಳು. ಈಗ ಕೂಡಿ ನೋಡಿ. 2025ರಲ್ಲಿ ವೈಟ್ ಸಾಕ್ಸ್ ಗೆದ್ದದ್ದು 60. ಸ್ಟಾರ್ ಬಂದರೆ 67. ಪ್ಲೇಆಫ್‌ಗೆ ಬೇಕಾದದ್ದು ಸಾಮಾನ್ಯವಾಗಿ 84ರಿಂದ 90.

ನಮ್ಮ ಎಸ್ಸೆಸ್ಸೆಲ್ಸಿ ಲೆಕ್ಕವನ್ನೇ ತೆಗೆದುಕೊಳ್ಳಿ. ಗಣಿತದಲ್ಲಿ 15 ಬರುವ ಹುಡುಗನಿಗೆ ದುಬಾರಿ ಟ್ಯೂಷನ್ ಕೊಡಿಸಿ 22 ಬಂದರೂ ಅವನು ಫೇಲು. 30 ಬರುವವನಿಗೆ ಅದೇ ಟ್ಯೂಷನ್ ಕೊಡಿಸಿದರೆ 37, ಪಾಸು. ಖರ್ಚು ಒಂದೇ, ಏಳು ಅಂಕವೂ ಒಂದೇ. ಎಲ್ಲಿಂದ ಶುರು ಮಾಡಿದಿರಿ ಎಂಬುದರ ಮೇಲೆ ಅದರ ಬೆಲೆ ನಿಂತಿದೆ. ಸೋಲುವ ತಂಡ ಈಗ ಖರ್ಚು ಮಾಡಬಾರದು ಎನ್ನುವವರ ವಾದದ ಬೆನ್ನೆಲುಬು ಇಷ್ಟೇ.

ರೀಬಿಲ್ಡ್: ಅಡಿಕೆ ಸಸಿ ನೆಟ್ಟ ಕಾಲ

ಗೆಲ್ಲುವ ಸಾಧ್ಯತೆ ಇಲ್ಲವೆಂದು ಗೊತ್ತಾದಾಗ ತಂಡ ತನ್ನ ಹಳೆಯ ಬೆಲೆಬಾಳುವ ಆಟಗಾರರನ್ನು ಬೇರೆ ತಂಡಗಳಿಗೆ ಕೊಟ್ಟು ಅವರ ಎಳೆಯ ಹುಡುಗರನ್ನು ಪಡೆಯುತ್ತದೆ, ಡ್ರಾಫ್ಟ್‌ನಲ್ಲಿ ಮುಂಚಿನ ಆಯ್ಕೆ ಗಿಟ್ಟಿಸುತ್ತದೆ, ಕೆಲವು ವರ್ಷ ಸೋಲನ್ನು ನುಂಗಿಕೊಳ್ಳುತ್ತದೆ. ಇದನ್ನೇ ರೀಬಿಲ್ಡ್ ಎನ್ನುವುದು. ಹಳೆ ತೋಟ ಕಡಿದು ಅಡಿಕೆ ಸಸಿ ನೆಟ್ಟ ಹಾಗೆ. ಫಸಲಿಗೆ ಐದಾರು ವರ್ಷ ಬೇಕು.

ಆದರೆ ತೋಟ ಮಾಡಿದವರಿಗೆ ಇನ್ನೊಂದು ವಿಷಯ ಗೊತ್ತು. ಸಸಿಯನ್ನು ಬಿಸಿಲಿಗೆ ಒಡ್ಡಿ ಕೈಕಟ್ಟಿ ಕೂರುವುದಿಲ್ಲ. ನಡುವೆ ಬಾಳೆ ಹಾಕುತ್ತಾರೆ. ಬಾಳೆ ಸಸಿಗೆ ನೆರಳಾಗುತ್ತದೆ, ಗೊನೆ ಮಾರಿದರೆ ಕೈಗೆ ನಾಲ್ಕು ಕಾಸೂ ಬರುತ್ತದೆ. ಫ್ರೀ ಏಜೆಂಟ್‌ಗಳಲ್ಲೂ ಬಾಳೆಯಂಥವರಿದ್ದಾರೆ, ಮೂವತ್ತು ವರ್ಷ ಜಾಗ ಹಿಡಿದು ನಿಲ್ಲುವ ತೆಂಗಿನಂಥವರೂ ಇದ್ದಾರೆ. ಯಾವುದನ್ನು ಯಾವಾಗ ನೆಟ್ಟಿರಿ ಎಂಬುದೇ ಕಥೆ. ಒಂದೇ ತಂಡ ಸುಮಾರು ಎರಡು ವರ್ಷದಲ್ಲಿ ಮೂರು ಬಗೆಯ ಖರ್ಚನ್ನೂ ಮಾಡಿದ ಉದಾಹರಣೆ ಅದೇ ಊರಿನ ಉತ್ತರ ಭಾಗದಲ್ಲಿದೆ.

ಕಬ್ಸ್ ಮಾಡಿದ ಮೂರು ಖರ್ಚು

2011ರ ಹೊತ್ತಿಗೆ ಕಬ್ಸ್ ಕೊನೆಯ ಬಾರಿ ವಿಶ್ವ ಸರಣಿ, ಅಂದರೆ ಮೇಜರ್ ಲೀಗ್‌ನ ಅಂತಿಮ ಸರಣಿ, ಗೆದ್ದದ್ದು 1908ರಲ್ಲಿ. 2011ರ ಅಕ್ಟೋಬರ್‌ನಲ್ಲಿ ತಂಡದ ಹೊಣೆ ಹೊತ್ತ ಥಿಯೊ ಎಪ್‌ಸ್ಟೀನ್ ತೋಟವನ್ನು ಬುಡಸಮೇತ ಕಿತ್ತ. 2012ರಲ್ಲಿ 101 ಸೋಲು, 2013ರಲ್ಲಿ 96, 2014ರಲ್ಲಿ 89.

ಮೊದಲ ಬಗೆ: 2012ರ ನವೆಂಬರ್‌ನಲ್ಲಿ ಸ್ಕಾಟ್ ಫೆಲ್ಡ್‌ಮನ್ ಎಂಬ ಸಾಧಾರಣ ಪಿಚರ್‌ಗೆ ಒಂದೇ ವರ್ಷಕ್ಕೆ 60 ಲಕ್ಷ ಡಾಲರ್. ಯಾರೂ ತಲೆ ಎತ್ತಿ ನೋಡಲಿಲ್ಲ. ಅವನು ಮೂರು ತಿಂಗಳು ಚೆನ್ನಾಗಿ ಎಸೆದ. 2013ರ ಜುಲೈನಲ್ಲಿ, ಆ ವರ್ಷವೇ ಗೆಲ್ಲಬೇಕೆಂದಿದ್ದ ಬಾಲ್ಟಿಮೋರ್ ತಂಡಕ್ಕೆ ಪಿಚರ್ ಬೇಕಾಯಿತು. ಕಬ್ಸ್ ಫೆಲ್ಡ್‌ಮನ್‌ನನ್ನು ಕೊಟ್ಟು, ಅಲ್ಲಿ ಎಡವುತ್ತಿದ್ದ ಜೇಕ್ ಅರ್ರಿಯೆಟಾ ಮತ್ತು ಪೆಡ್ರೊ ಸ್ಟ್ರೋಪ್ ಇಬ್ಬರನ್ನೂ ತಂದಿತು. 2015ರಲ್ಲಿ ಅರ್ರಿಯೆಟಾ 22 ಪಂದ್ಯ ಗೆದ್ದು ಲೀಗ್‌ನ ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಪಡೆದ. ಮರುವರ್ಷ ಅದೇ ಆಟವನ್ನು ಜೇಸನ್ ಹ್ಯಾಮೆಲ್ ಜೊತೆ ಆಡಿದರು: ಒಂದು ವರ್ಷದ ಒಪ್ಪಂದ, ಜುಲೈನಲ್ಲಿ ಇನ್ನೊಬ್ಬ ಪಿಚರ್‌ನ ಜೊತೆ ಸೇರಿಸಿ ಓಕ್‌ಲ್ಯಾಂಡ್‌ಗೆ ರವಾನೆ, ಬದಲಿಗೆ ಬಂದವರಲ್ಲಿ ಮುಂದೆ ಶಾರ್ಟ್‌ಸ್ಟಾಪ್ (ಎರಡನೇ ಮತ್ತು ಮೂರನೇ ಬೇಸ್ ನಡುವೆ ನಿಲ್ಲುವ ಫೀಲ್ಡರ್) ಆದ ಆಡಿಸನ್ ರಸೆಲ್. ತಮಾಷೆಯೆಂದರೆ, ಋತು ಮುಗಿದ ಮೇಲೆ ಹ್ಯಾಮೆಲ್ ಮತ್ತೆ ಕಬ್ಸ್‌ಗೇ ಸಹಿ ಹಾಕಿದ. ಇದು ಬಾಳೆ. ಗೊನೆ ಮಾರಿಯೂ ಆಯಿತು, ಕಂದು ಮತ್ತೆ ತೋಟದಲ್ಲೇ ಉಳಿಯಿತು.

ಎರಡನೆಯದು ಎಡ್ವಿನ್ ಜಾಕ್ಸನ್. 2013ರ ಜನವರಿ, ನಾಲ್ಕು ವರ್ಷ, 5.2 ಕೋಟಿ ಡಾಲರ್. ವಯಸ್ಸು 29, ಪರವಾಗಿಲ್ಲ ಎನ್ನಬಹುದಾದ ಪಿಚರ್. ತಂಡ ಏಳುವ ಹೊತ್ತಿಗೆ ಇವನೂ ಇರುತ್ತಾನೆ ಎಂಬುದು ಎಣಿಕೆ. ಮೊದಲ ವರ್ಷ 8 ಗೆಲುವು 18 ಸೋಲು, ಎರಡನೆಯ ವರ್ಷ 6 ಗೆಲುವು 15 ಸೋಲು. 2015ರ ಜುಲೈನಲ್ಲಿ, ಒಪ್ಪಂದ ಇನ್ನೂ ಒಂದು ವರ್ಷಕ್ಕೂ ಹೆಚ್ಚು ಉಳಿದಿರುವಾಗಲೇ, ಕಬ್ಸ್ ಅವನನ್ನು ಕೈಬಿಟ್ಟು ಬಾಕಿ ಸಂಬಳ ತಲೆಗೆ ಕಟ್ಟಿಕೊಂಡಿತು. ಫೆಲ್ಡ್‌ಮನ್ ಮತ್ತು ಜಾಕ್ಸನ್ ಬಂದದ್ದು ಒಂದೇ ಚಳಿಗಾಲದಲ್ಲಿ. ಒಬ್ಬನ ಒಪ್ಪಂದ ಚಿಕ್ಕದಾದ್ದರಿಂದ ಅವನು ಚೆನ್ನಾಗಿ ಆಡಿದರೆ ಲಾಭ, ಕೆಟ್ಟರೆ ನಷ್ಟ ಒಂದೇ ವರ್ಷದ್ದು. ಇನ್ನೊಬ್ಬನ ಒಪ್ಪಂದ ಉದ್ದವಾದ್ದರಿಂದ ಕೆಟ್ಟ ಮೇಲೆ ಕೊಳ್ಳುವವರೇ ಇಲ್ಲ. ನನಗೆ ಕಂಡಂತೆ ರೀಬಿಲ್ಡ್ ಕಾಲದಲ್ಲಿ ಮಾಡುವ ಅತಿ ಕೆಟ್ಟ ಖರ್ಚು ಅತಿ ದೊಡ್ಡದ್ದಲ್ಲ, ಈ ನಡುವಿನದ್ದು: ತಂಡವನ್ನು ಬದಲಿಸುವಷ್ಟು ಒಳ್ಳೆಯವನಲ್ಲ, ಬೇಡವೆಂದಾಗ ಬಿಡುವಷ್ಟು ಅಗ್ಗವೂ ಅಲ್ಲ.

ಮೂರನೆಯದೇ ಜಾನ್ ಲೆಸ್ಟರ್. 2014ರ ಡಿಸೆಂಬರ್, ಆರು ವರ್ಷ, 15.5 ಕೋಟಿ ಡಾಲರ್. ತಂಡ ಆಗಷ್ಟೇ 89 ಪಂದ್ಯ ಸೋತಿತ್ತು. ಮೇಲುನೋಟಕ್ಕೆ ಜಾಕ್ಸನ್ ತಪ್ಪಿನ ಮೂರು ಪಟ್ಟು. ಆದರೆ ಗೆಲುವಿನ ಪಟ್ಟಿಯಲ್ಲಿ ಕಾಣದ ಒಂದು ಬದಲಾವಣೆ ಆಗಿತ್ತು: ಸಸಿಗಳು ಎದೆಯೆತ್ತರ ಬಂದಿದ್ದವು. 2013ರ ಡ್ರಾಫ್ಟ್‌ನ ಎರಡನೇ ಆಯ್ಕೆ ಬ್ರಯಂಟ್ ಮೈನರ್ ಲೀಗ್‌ನಲ್ಲಿ ಎಲ್ಲರನ್ನೂ ಚೆಚ್ಚಿ ಬಾಗಿಲಲ್ಲಿ ನಿಂತಿದ್ದ. ರಸೆಲ್, ಕೈಲ್ ಶ್ವಾರ್ಬರ್ ಅವನ ಹಿಂದೆಯೇ. ಹವಿಯರ್ ಬಾಯೆಸ್ ಆಗಲೇ ಬಂದಾಗಿತ್ತು. ಆಂಟನಿ ರಿಜ್ಜೊ ಕಡಿಮೆ ದರದ ದೀರ್ಘ ಒಪ್ಪಂದದಲ್ಲಿದ್ದ. ಇವರೆಲ್ಲ ಬ್ಯಾಟರ್‌ಗಳು, ಕೊರತೆಯಿದ್ದದ್ದು ಪಿಚಿಂಗ್‌ನಲ್ಲಿ. ತೋಟದಲ್ಲಿ ಬೆಳೆಯದಿದ್ದದ್ದನ್ನು ಪೇಟೆಯಿಂದ ತಂದರು.

2015ರಲ್ಲಿ ಲೆಸ್ಟರ್‌ನ ಲೆಕ್ಕ 11 ಗೆಲುವು 12 ಸೋಲು, ಏನೂ ವಿಶೇಷವಿಲ್ಲ. ತಂಡ ಮಾತ್ರ 97 ಗೆದ್ದಿತು. 2016ರಲ್ಲಿ ಅವನು 19 ಗೆದ್ದು 5 ಸೋತ, ಕಬ್ಸ್ 108 ವರ್ಷಗಳ ನಂತರ ವಿಶ್ವ ಸರಣಿ ಗೆದ್ದಿತು. ಅದೇ ವರ್ಷ ಲೀಗ್‌ನ ಅತ್ಯಮೂಲ್ಯ ಆಟಗಾರನಾದ ಬ್ರಯಂಟ್‌ನ ಸಂಬಳ ಎಷ್ಟು ಗೊತ್ತೆ? 6.52 ಲಕ್ಷ ಡಾಲರ್. ಲೆಸ್ಟರ್‌ನ ವರ್ಷದ ಸರಾಸರಿ ಸುಮಾರು 2.6 ಕೋಟಿ. ಮೊದಲನೆಯದು ಅಷ್ಟು ಅಗ್ಗವಾಗಿದ್ದರಿಂದಲೇ ಎರಡನೆಯದನ್ನು ತಾಳಿಕೊಳ್ಳಲು ಆಯಿತು. ಎಳೆಯರು ಅಗ್ಗವಾಗಿರುವ ಆ ನಾಲ್ಕೈದು ವರ್ಷವೇ ದೊಡ್ಡ ಖರ್ಚಿನ ಕಿಟಕಿ.

ಲೆಸ್ಟರ್ ಬಂದದ್ದರಿಂದ ಇನ್ನೊಂದು ಆಯಿತು. ಸೋಲುವ ತಂಡಕ್ಕೆ ಒಳ್ಳೆಯ ಫ್ರೀ ಏಜೆಂಟ್‌ಗಳು ಸುಲಭಕ್ಕೆ ಬರುವುದಿಲ್ಲ. ಮೊದಲು ಬರುವವನಿಗೆ ಹೆಚ್ಚು ತೆರಬೇಕು. 93 ಪಂದ್ಯ ಸೋತಿದ್ದ ವಾಷಿಂಗ್ಟನ್ ತಂಡ 2010ರ ಡಿಸೆಂಬರ್‌ನಲ್ಲಿ 31 ವರ್ಷದ ಜೇಸನ್ ವರ್ತ್‌ಗೆ ಏಳು ವರ್ಷಕ್ಕೆ 12.6 ಕೋಟಿ ಕೊಟ್ಟಾಗ ಬೇಸ್‌ಬಾಲ್ ಜಗತ್ತು ಹುಬ್ಬೇರಿಸಿತು. ಎರಡೇ ವರ್ಷದಲ್ಲಿ ಆ ತಂಡ 98 ಗೆದ್ದಿತು.

ಹಾಗಾದರೆ ಸಸಿ ಬಲಿಯುವವರೆಗೆ ಕಾಯಬೇಕೆ?

ಕಾಯುವುದಕ್ಕೂ ಬೆಲೆಯಿದೆ. ಬಾಲ್ಟಿಮೋರ್ ಓರಿಯೋಲ್ಸ್ 2018ರಲ್ಲಿ 115, 2019ರಲ್ಲಿ 108, 2021ರಲ್ಲಿ 110 ಸೋತು, ಡ್ರಾಫ್ಟ್‌ನಲ್ಲೇ ಅಚ್ಚುಕಟ್ಟಾದ ತೋಟ ಮಾಡಿತು. 2022ರಲ್ಲಿ 83 ಗೆಲುವು ಬಂದಾಗ ಎಲ್ಲರೂ ಈಗ ಥೈಲಿ ಬಿಚ್ಚುತ್ತಾರೆ ಎಂದುಕೊಂಡರು. ಬಿಚ್ಚಲಿಲ್ಲ, ಒಂದು ವರ್ಷಕ್ಕೆ 1 ಕೋಟಿ ಡಾಲರಿನ ಪಿಚರ್ ಕೈಲ್ ಗಿಬ್ಸನ್‌ನಂಥವರಲ್ಲೇ ಮುಗಿಸಿದರು. 2023ರಲ್ಲಿ 101 ಪಂದ್ಯ ಗೆದ್ದರೂ ಪ್ಲೇಆಫ್‌ನಲ್ಲಿ ಮೂರಕ್ಕೆ ಮೂರೂ ಸೋತರು. ಸೋಲಿಸಿದ್ದು ಟೆಕ್ಸಸ್ ರೇಂಜರ್ಸ್.

ರೇಂಜರ್ಸ್ ಕಥೆ ತದ್ವಿರುದ್ಧ. 2021ರಲ್ಲಿ 102 ಸೋತು, ಅದೇ ಚಳಿಗಾಲ 27 ವರ್ಷದ ಕೋರಿ ಸೀಗರ್‌ಗೆ ಹತ್ತು ವರ್ಷಕ್ಕೆ 32.5 ಕೋಟಿ, ಮಾರ್ಕಸ್ ಸೆಮಿಯೆನ್‌ಗೆ ಏಳು ವರ್ಷಕ್ಕೆ 17.5 ಕೋಟಿ. 2022ರಲ್ಲಿ ಮತ್ತೆ 94 ಸೋಲು, ನಕ್ಕವರು ಬಹಳ. 2023ರಲ್ಲಿ ತಂಡದ ಇತಿಹಾಸದ ಮೊದಲ ವಿಶ್ವ ಸರಣಿ, ಅದರ ಶ್ರೇಷ್ಠ ಆಟಗಾರ ಸೀಗರ್. ಸಸಿ ಇನ್ನೂ ಸೊಂಟದೆತ್ತರ ಇರುವಾಗಲೇ ಯಾಕೆ ಕೊಂಡರು ಎಂದರೆ, ಬೇಕಾದ ಆಟಗಾರ ಬೇಕಾದ ವರ್ಷವೇ ಪೇಟೆಗೆ ಬರುವುದಿಲ್ಲ. 27ರ ಒಳ್ಳೆಯ ಶಾರ್ಟ್‌ಸ್ಟಾಪ್ ಅಪರೂಪಕ್ಕೆ ಸಿಗುವ ಜಾತಿ. ಹಾಗೆಂದು ಅವರಿಗೂ ಎಲ್ಲ ಸಿಹಿಯಾಗಲಿಲ್ಲ. 2024ರಲ್ಲಿ 78 ಗೆಲುವು, 2025ರಲ್ಲಿ 81. ಆ ನವೆಂಬರ್‌ನಲ್ಲಿ ಸೆಮಿಯೆನ್‌ನನ್ನು ನ್ಯೂಯಾರ್ಕ್ ಮೆಟ್ಸ್‌ಗೆ ಸಾಗಹಾಕಿದರು.

2024ರಲ್ಲಿ ಓರಿಯೋಲ್ಸ್ ಮತ್ತೆ ಪ್ಲೇಆಫ್‌ಗೆ ಬಂತು. ಈ ಬಾರಿ ಮನೆಗೆ ಕಳಿಸಿದ್ದು ಕಾನ್ಸಸ್ ಸಿಟಿ ರಾಯಲ್ಸ್. ಹಿಂದಿನ ವರ್ಷ 106 ಸೋತು, ಚಳಿಗಾಲದಲ್ಲಿ ಸೆತ್ ಲ್ಯೂಗೊ, ಮೈಕಲ್ ವಾಕಾ ಮೊದಲಾದವರ ಮೇಲೆ 10 ಕೋಟಿ ಡಾಲರ್‌ಗೂ ಹೆಚ್ಚು ಹಾಕಿದ್ದ ತಂಡ ಅದು. ನಾಲ್ಕೈದು ಪಂದ್ಯಗಳ ಫಲಿತಾಂಶದಿಂದ ಸಿದ್ಧಾಂತ ಕಟ್ಟಬಾರದು, ಆದರೂ ಬಾಲ್ಟಿಮೋರ್ ಅಭಿಮಾನಿಗೆ ಇದು ನೆನಪಿರದೆ ಇರುತ್ತದೆಯೆ? 2025ರಲ್ಲಿ 75 ಗೆಲುವಿಗೆ ಕುಸಿದ ಮೇಲೆ ಓರಿಯೋಲ್ಸ್ ಕೊನೆಗೂ ಪೀಟ್ ಅಲೊನ್ಸೊಗೆ ಐದು ವರ್ಷಕ್ಕೆ 15.5 ಕೋಟಿ ಕೊಟ್ಟಿತು. ಲೆಸ್ಟರ್‌ನ ಮೊತ್ತವೇ, ಹನ್ನೊಂದು ವರ್ಷದ ನಂತರ.

ಕಾಯುವವರ ಪರವಾಗಿದ್ದ ಒಂದು ವಾದ ಈಗ ಸಡಿಲವಾಗಿದೆ. ಮೊದಲು ಎಲ್ಲರಿಗಿಂತ ಹೆಚ್ಚು ಸೋತವರಿಗೆ ಡ್ರಾಫ್ಟ್‌ನ ಮೊದಲ ಆಯ್ಕೆ ಖಾತ್ರಿ ಇತ್ತು. 2023ರ ಡ್ರಾಫ್ಟ್‌ನಿಂದ ಮೊದಲ ಆರು ಸ್ಥಾನಗಳಿಗೆ ಲಾಟರಿ; ಮೊದಲ ಆಯ್ಕೆಗೆ ಕೊನೆಯ ಮೂರು ತಂಡಗಳಿಗೂ ತಲಾ 16.5 ಶೇಕಡಾ ಅವಕಾಶ. ಜೊತೆಗೆ ದೊಡ್ಡ ಊರಿನ ತಂಡ ಸತತ ಎರಡು ವರ್ಷ ಲಾಟರಿಯ ಲಾಭ ಪಡೆಯುವಂತಿಲ್ಲ. 121 ಸೋತ ವೈಟ್ ಸಾಕ್ಸ್‌ಗೆ ಸಿಕ್ಕಿದ್ದು ಹತ್ತನೆಯ ಆಯ್ಕೆ!

ಇನ್ನೊಂದು ವಿಷಯವನ್ನು ಮಾಲೀಕರು ಹೇಳುವುದಿಲ್ಲ. ಈ ವರ್ಷ ಉಳಿಸಿದ ದುಡ್ಡು ಮುಂದಿನ ವರ್ಷ ಆಟಗಾರರ ಮೇಲೇ ಹೋಗಬೇಕೆಂಬ ನಿಯಮ ಎಲ್ಲೂ ಇಲ್ಲ. ಅದು ಹುಂಡಿಯಲ್ಲಿ ಉಳಿಯಬಹುದು, ಕಿಸೆಗೂ ಇಳಿಯಬಹುದು.

ಆತುರಪಟ್ಟವರೂ ಇದ್ದಾರೆ. ಕಬ್ಸ್‌ನ ಅದೇ ಬಾಯೆಸ್‌ಗೆ 2021ರಲ್ಲಿ ಡೆಟ್ರಾಯಿಟ್ ಟೈಗರ್ಸ್ ಆರು ವರ್ಷಕ್ಕೆ 14 ಕೋಟಿ ಕೊಟ್ಟಿತು. ಮರುವರ್ಷ 96 ಸೋಲು, ಒಪ್ಪಂದ ಮಾಡಿದ ವ್ಯವಸ್ಥಾಪಕನ ಕೆಲಸ ಹೋಯಿತು. ಟೈಗರ್ಸ್ ಮತ್ತೆ ಎದ್ದದ್ದು 2024ರಲ್ಲಿ, ಟಾರಿಕ್ ಸ್ಕೂಬಲ್, ರೈಲಿ ಗ್ರೀನ್ ಎಂಬ ಮನೆಯ ಹುಡುಗರಿಂದ.

ಮತ್ತೆ ವೈಟ್ ಸಾಕ್ಸ್ ಅಂಗಳಕ್ಕೆ

ಈ ತಂಡ ಹತ್ತು ವರ್ಷದೊಳಗೆ ಎರಡನೇ ಬಾರಿ ತೋಟ ಕಿತ್ತಿದೆ. ಮೊದಲ ಬಾರಿ, 2016ರ ಕೊನೆಯಲ್ಲಿ ತನ್ನ ಸ್ಟಾರ್ ಪಿಚರ್ ಕ್ರಿಸ್ ಸೇಲ್‌ನನ್ನು ಕೊಟ್ಟು ಶುರು ಮಾಡಿದಾಗ, ಸಸಿಗಳು ಚೆನ್ನಾಗಿಯೇ ಎದ್ದಿದ್ದವು. 2019ರಲ್ಲಿ ಫ್ರೀ ಏಜೆಂಟ್ ಆಗಿದ್ದ ಸ್ಟಾರ್ ಮ್ಯಾನಿ ಮಚಾಡೊಗಾಗಿ ಅವನ ಹೆಂಡತಿಯ ಸೋದರನನ್ನೂ ಗೆಳೆಯನನ್ನೂ ಮುಂಚೆಯೇ ತಂಡಕ್ಕೆ ತಂದು ಕಾದರು. ಮಚಾಡೊ ಹತ್ತು ವರ್ಷದ 30 ಕೋಟಿ ಡಾಲರಿಗೆ ಸ್ಯಾನ್ ಡಿಯಾಗೊ ಸೇರಿದ. ಭಾವನೂ ಗೆಳೆಯನೂ ಶಿಕಾಗೊದಲ್ಲಿ ಉಳಿದರು. 2021ರಲ್ಲಿ 93 ಗೆಲುವು ಬಂತು, ಅಲ್ಲಿಂದ ಇಳಿಜಾರು. ಕಿಟಕಿ ತೆರೆದಿದ್ದಾಗ ತಂಡ ದೊಡ್ಡ ಕೈ ಮಾಡಲಿಲ್ಲ. ಅದರ ಇತಿಹಾಸದ ಅತಿ ದೊಡ್ಡ ಒಪ್ಪಂದ ಆಂಡ್ರೂ ಬೆನಿಂಟೆಂಡಿಗೆ ಕೊಟ್ಟ ಐದು ವರ್ಷದ 7.5 ಕೋಟಿ, ಅದೂ ಬಂದದ್ದು ತಂಡ ಕುಸಿಯುತ್ತಿದ್ದ ಚಳಿಗಾಲದಲ್ಲಿ. ಎಡ್ವಿನ್ ಜಾಕ್ಸನ್ ಜಾತಿಯದ್ದು ಎಂದರೆ ತಪ್ಪಾಗಲಾರದು.

ಈಗಿನ ತೋಟದಲ್ಲಿ ಎತ್ತರ ಕಾಣುವ ಸಸಿ ಕೋಲ್ಸನ್ ಮಾಂಟ್‌ಗೊಮೆರಿ. 2025ರ ಜುಲೈನಲ್ಲಿ ಬಂದು ಅರ್ಧ ಋತುವಿನಲ್ಲೇ 21 ಹೋಮ್ ರನ್ (ನಮ್ಮ ಸಿಕ್ಸರ್‌ನಂಥದ್ದು) ಹೊಡೆದ. ಗ್ಯಾರೆಟ್ ಕ್ರೋಶೆಯನ್ನು ಬಾಸ್ಟನ್‌ಗೆ ಕೊಟ್ಟು ಪಡೆದ ಕೈಲ್ ಟೀಲ್ ಇದ್ದಾನೆ. 2026ರ ಡ್ರಾಫ್ಟ್‌ನ ಮೊದಲ ಆಯ್ಕೆ ಲಾಟರಿಯಲ್ಲಿ ಇವರಿಗೇ ಬಿತ್ತು. ಪಿಚಿಂಗ್ ಇನ್ನೂ ತೆಳು.

ಮುರಕಾಮಿಯನ್ನು ಈ ಅಳತೆಯಲ್ಲಿ ಇಟ್ಟು ನೋಡಿ. 2022ರಲ್ಲಿ ಜಪಾನಿನ ಲೀಗ್‌ನಲ್ಲಿ 56 ಹೋಮ್ ರನ್ ಹೊಡೆದವನು, ಸಹಿ ಹಾಕುವಾಗ 25 ವರ್ಷ. ಬ್ಯಾಟಿಗೆ ಚೆಂಡು ಸಿಗದೆ ಔಟಾಗುವುದು ಹೆಚ್ಚು ಎಂಬ ಅನುಮಾನದಿಂದ ದೊಡ್ಡ ತಂಡಗಳು ದೀರ್ಘ ಒಪ್ಪಂದಕ್ಕೆ ಹಿಂಜರಿದವು, ಬೆಲೆ ಇಳಿಯಿತು. ವಯಸ್ಸು ಲೆಸ್ಟರ್‌ಗಿಂತ ಬಹಳ ಎಳೆಯದು, ಒಪ್ಪಂದದ ಉದ್ದ ಫೆಲ್ಡ್‌ಮನ್‌ಗೆ ಹತ್ತಿರ. ಆಡಿದರೆ ಜುಲೈನಲ್ಲಿ ಮಾರಬಹುದು, ಇಲ್ಲವೇ ಉಳಿಸಿಕೊಳ್ಳಲು ಮಾತಾಡಬಹುದು. ಆಡದಿದ್ದರೆ 2027ರ ಕೊನೆಗೆ ಒಪ್ಪಂದವೇ ಮುಗಿಯುತ್ತದೆ, ಮತ್ತು ಆ ದಿನ ಮಾಂಟ್‌ಗೊಮೆರಿಯ ಗಡಿಯಾರದಲ್ಲಿ ಇನ್ನೂ ನಾಲ್ಕು ವರ್ಷ ಬಾಕಿ ಇರುತ್ತದೆ.